ಎದುರುಗಲ್ಲಿನ ಮುಳ್ಳಕ್ಕ

ಮತ್ತಿಗುಡ್ಡದ ಕಾಡಿನಲ್ಲಿ ಒಂದು ಹೊಂಡವಿತ್ತು. ಸುತ್ತಲೂ ಜೊಂಡು ಬೆಳೆದಿದ್ದರಿಂದ ಅದಕ್ಕೆ ಜೊಂಡಿನ ಹೊಂಡ ಎಂದೇ ಹೆಸರು. ಕಡವೆ, ಮೊಲ, ಕಾಡುಹಂದಿ, ಆಮೆ, ಹಕ್ಕಿಪಕ್ಕಿ ಎಲ್ಲರೂ ಅದೇ ನೀರು ಕುಡಿದು ಬದುಕುತ್ತಿದ್ದರು. ಎಲ್ಲರಿಗೂ ಒಂದೇ ನೀರು ಅಂದ ಮೇಲೆ ಜಗಳ ಇಲ್ಲದೆ ಇರುತ್ತದೆಯೇ ಮಕ್ಕಳೇ? ನಿಮ್ಮ ಬೀದಿಯ ನಲ್ಲಿಯ ಹತ್ತಿರ ಬೆಳಿಗ್ಗೆ ಹೋಗಿ ನಿಂತು ನೋಡಿ, ಗೊತ್ತಾಗುತ್ತದೆ. ಅದಕ್ಕೇ ಅವರು ತಮ್ಮೊಳಗೆ ಒಬ್ಬ ಯಜಮಾನನನ್ನು ಆರಿಸಿಕೊಳ್ಳುತ್ತಿದ್ದರು. ಮೊದಲ ಮಳೆ ಬಿದ್ದಾಗ ಆರಿಸಿದರೆ, ಮುಂದಿನ ವರ್ಷದ ಮೊದಲ ಮಳೆಯವರೆಗೆ ಅವನದೇ ಮಾತು.

ಅವನದೇ ಮಾತು ಅಂದೆನೇ? ತಡೆಯಿರಿ, ಪೂರ್ತಿ ಹಾಗಲ್ಲ. ಹೊಂಡದ ದಡದಲ್ಲಿ ಒಂದು ಅತ್ತಿಮರ, ಅದರ ಕೆಳಗೆ ಎದುರುಬದುರಾಗಿ ಎರಡು ಕಲ್ಲು. ಒಂದು ಯಜಮಾನನದು. ಇನ್ನೊಂದು ಎದುರುಗಲ್ಲು. ಯಜಮಾನನನ್ನು ಬೇಡ ಎಂದವರೂ ಇರುತ್ತಾರಲ್ಲ, ಅವರು ತಮ್ಮ ಕಡೆಯ ಒಬ್ಬರನ್ನು ಆರಿಸಿ ಎದುರುಗಲ್ಲಿನ ಮೇಲೆ ಕೂರಿಸುತ್ತಿದ್ದರು. ಯಜಮಾನ ಏನೇ ಹೇಳಲಿ, ಎದುರುಗಲ್ಲಿನವರು "ಆದರೆ" ಎಂದು ಶುರುಮಾಡಿ ಒಂದು ಪ್ರಶ್ನೆ ಕೇಳಲೇಬೇಕು. ಅದಕ್ಕೆ ಸರಿಯಾದ ಉತ್ತರ ಸಿಗುವ ತನಕ ಯಾರೂ ಕೆಲಸಕ್ಕೆ ಕಾಲೆತ್ತುವಂತಿಲ್ಲ. ಅಜ್ಜನ ಅಜ್ಜಂದಿರ ಕಾಲದಿಂದ ನಡೆದು ಬಂದ ಪದ್ಧತಿ ಅದು.

ಆ ವರ್ಷ ಯಜಮಾನನಾಗಿದ್ದವನು ಕೊಂಬಣ್ಣ ಎಂಬ ಕಡವೆ. ಕೊಂಬು ಎಷ್ಟು ದೊಡ್ಡದೋ ಮನಸ್ಸೂ ಅಷ್ಟೇ ದೊಡ್ಡದು. ಮೊಲದ ಮರಿಗಳು ನೀರು ಕುಡಿದು ಹೋಗುವವರೆಗೆ ತಾನು ಹೊಂಡಕ್ಕೆ ಬಾಯಿ ಹಾಕುತ್ತಿರಲಿಲ್ಲ. ಅವನ ಮಗಳು ಹುಲಿಯ ಬಾಯಿಗೆ ಸಿಕ್ಕಿದ್ದಳು. ಅವಳ ಮರಿ ತುಂಬೆಯನ್ನು ಅಜ್ಜನೇ ಸಾಕುತ್ತಿದ್ದ. ತುಂಬೆಗೆ ಹುಟ್ಟಿನಿಂದಲೇ ಹಿಂಗಾಲು ಒಂದು ಸೊಟ್ಟ. ಅಷ್ಟು ದೊಡ್ಡ ಕಡವೆ ಆ ಮರಿಯ ಪಕ್ಕದಲ್ಲಿ ಹೆಜ್ಜೆಗೊಮ್ಮೆ ನಿಂತು ನಿಂತು ನಡೆಯುವುದನ್ನು ನೋಡಿದರೆ ಯಾರಿಗಾದರೂ ಕರುಳು ಚುರುಕ್ ಎನ್ನುತ್ತಿತ್ತು.

ಇಂಥ ಒಳ್ಳೆಯವನಿಗೂ ಒಂದು ಕೊರತೆ ಇತ್ತು. ಯಾರಾದರೂ "ಅಲ್ಲ" ಎಂದರೆ ತಡೆದುಕೊಳ್ಳಲಾರ. ಸಿಟ್ಟು ಮಾಡುತ್ತಿರಲಿಲ್ಲ, ನೊಂದುಕೊಳ್ಳುತ್ತಿದ್ದ. ನನ್ನ ಮನಸ್ಸು ಒಳ್ಳೆಯದೇ ಇರುವಾಗ ನನಗೆ ಎದುರು ಮಾತು ಯಾಕೆ ಎಂಬುದು ಅವನ ಸಂಕಟ. ಸಿಟ್ಟು ಮಾಡುವವರನ್ನಾದರೂ ಸಂಭಾಳಿಸಬಹುದು, ಹೀಗೆ ಮುಖ ಸಣ್ಣ ಮಾಡಿಕೊಂಡು ಕೂರುವವರನ್ನು ಏನು ಮಾಡುವುದು ಹೇಳಿ.

ಎದುರುಗಲ್ಲಿನಲ್ಲಿ ಕೂರುತ್ತಿದ್ದವಳು ಮುಳ್ಳಕ್ಕ. ಮುಳ್ಳುಹಂದಿ. ಮೈಮೇಲೆ ಎಷ್ಟು ಮುಳ್ಳೋ ನಾಲಿಗೆಯಲ್ಲೂ ಅಷ್ಟೇ ಎಂದು ಕಾಡೆಲ್ಲ ಹೇಳುತ್ತಿತ್ತು. ಕೊಂಬಣ್ಣನೂ ಅವಳೂ ಚಿಕ್ಕಂದಿನಿಂದ ನೆರೆಹೊರೆ. ಒಂದೇ ಮರದ ಹಣ್ಣು ತಿಂದು ಬೆಳೆದವರು. ಆದರೂ ಸಭೆ ಕೂತ ಮೇಲೆ ಅವಳು ಗುರುತು ಪರಿಚಯ ನೋಡುತ್ತಿರಲಿಲ್ಲ. ಅವಳು ಕೇಳಿದ್ದೆಲ್ಲ ಸರಿ ಎಂದು ನಾನೇನೂ ಹೇಳುವುದಿಲ್ಲ. ಒಮ್ಮೆ ಮೊಲಗಳ ದಾರಿ ಬದಲಿಸುವುದು ಬೇಡವೇ ಬೇಡ ಎಂದು ಹೊತ್ತು ಮುಳುಗುವ ತನಕ ವಾದ ಮಾಡಿದಳು. ಕೊನೆಗೆ ಕೊಂಬಣ್ಣನ ಮಾತೇ ಸರಿ ಎಂದಾಯಿತು. "ಸರಿ ಹಾಗಾದರೆ" ಎಂದು ಮುಳ್ಳು ಕೊಡವಿಕೊಂಡು ಎದ್ದು ಹೋದಳು, ಅಷ್ಟೇ. ಅವಳು ಬೇಕೆಂದೇ ಕಾಡುತ್ತಾಳೆ ಎಂದು ಕೊಂಬಣ್ಣ ಅವತ್ತು ಊಟವನ್ನೂ ಬಿಟ್ಟಿದ್ದ.

ಇದನ್ನೆಲ್ಲ ನೋಡುತ್ತಿದ್ದವನು ಗೊರವಂಕ ಜೇನಪ್ಪ. ಯಾರ ದನಿ ಬೇಕಾದರೂ ತೆಗೆಯಬಲ್ಲ, ಯಾರ ಮನಸ್ಸಿಗೆ ಏನು ಇಷ್ಟವೋ ಅದನ್ನೇ ಹಾಡಬಲ್ಲ ಹಕ್ಕಿ. ಅವನು ಕೊಂಬಣ್ಣನ ಕೊಂಬಿನ ಮೇಲೆ ಕೂತು ಉಪಾಯ ಹೇಳಿಕೊಟ್ಟ. ಮುಳ್ಳಕ್ಕನನ್ನು ಓಡಿಸುವುದು ಬೇಡ, ಪಾಪ ಬರುತ್ತದೆ. ದುಡಿದು ದಣಿದಿದ್ದಾಳೆ ಎಂದು ಹೇಳಿ, ಹಳ್ಳದ ಆಚೆಯ ಗೆಣಸಿನ ಗುಡ್ಡವನ್ನು ಅವಳಿಗೇ ಬಿಟ್ಟುಕೊಟ್ಟು ಮರ್ಯಾದೆಯಿಂದ ಕಳಿಸಿಬಿಡುವುದು. ಎದುರುಗಲ್ಲು ಖಾಲಿ ಇರಬಾರದಲ್ಲ, ಅಲ್ಲಿ ತಾನೇ ಕೂರುತ್ತೇನೆ ಎಂದ. ಪದ್ಧತಿಯೂ ಉಳಿಯಿತು, ಮನಸ್ಸಿಗೆ ನೆಮ್ಮದಿಯೂ ಸಿಕ್ಕಿತು ಎಂದು ಕೊಂಬಣ್ಣನಿಗೆ ಅನ್ನಿಸಿತು.

ಮುಳ್ಳಕ್ಕನನ್ನು ಆರಿಸಿದ್ದವರು ಮೊದಲು ಸ್ವಲ್ಪ ಗೊಣಗಿದರು. ಅವರಿಗೂ ಒಂದಿಷ್ಟು ಗೆಣಸು ಹಂಚಿದ ಮೇಲೆ ಬಾಯಿ ತುಂಬಿ ಸುಮ್ಮನಾದರು. ಮುಳ್ಳಕ್ಕ ಹೊರಡುವಾಗ ತುಂಬೆಯ ಮೂಗಿಗೆ ತನ್ನ ಮೂಗು ತಾಗಿಸಿ ಹಳ್ಳ ದಾಟಿ ಹೋದಳು.

ಆಮೇಲಿನ ಸಭೆಗಳು ಹೇಗಿದ್ದವು ಅನ್ನುತ್ತೀರಿ? ಮದುವೆ ಮನೆಯ ಹಾಗೆ. ಕೊಂಬಣ್ಣ ಏನಾದರೂ ಹೇಳುತ್ತಿದ್ದ. ಜೇನಪ್ಪ ಎದುರುಗಲ್ಲಿನ ಮೇಲೆ ಎದೆಯುಬ್ಬಿಸಿ ನಿಂತು, "ಆದರೆ ಯಜಮಾನರೇ, ಹೀಗೆ ನಮಗಾಗಿ ಹಗಲೂ ರಾತ್ರಿ ದುಡಿದರೆ ನಿಮ್ಮ ಆರೋಗ್ಯದ ಗತಿ ಏನು?" ಎಂದು ಕೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಕೊಂಬಣ್ಣ ನಾಚಿಕೊಂಡು ತಲೆ ತಗ್ಗಿಸುತ್ತಿದ್ದ. ಪ್ರಶ್ನೆ ಕೇಳಿದಂತೆಯೂ ಆಯಿತು, ಸಭೆ ಬೇಗ ಮುಗಿದಂತೆಯೂ ಆಯಿತು. ಮುಳ್ಳಕ್ಕ ಇಲ್ಲದೆ ಕಾಡು ಎಷ್ಟು ಹಗುರಾಗಿದೆ ಎಂದು ಮಾತಾಡಿಕೊಳ್ಳುತ್ತಾ ಮನೆಗೆ ಹೋಗುತ್ತಿದ್ದರು.

ಬೇಸಿಗೆ ಬಂತು. ಬಿಸಿಲು ಏರಿದಂತೆ ಹೊಂಡ ಇಳಿಯಿತು. ದಡದಲ್ಲೆಲ್ಲ ಬರೀ ಕೆಸರು, ನಡುವೆ ಉಳಿದಷ್ಟು ನೀರು. ಒಂದು ಸಂಜೆ ನೀರಿಗೆ ಹೋದ ತುಂಬೆ ಕೆಸರಿನಲ್ಲಿ ಹೂತುಕೊಂಡಿತು. ಸೊಟ್ಟ ಕಾಲು ಎಳೆದುಕೊಳ್ಳಲಾಗದೆ ಸಣ್ಣಗೆ ಅತ್ತಿತು. ಕೊಂಬಣ್ಣ ಅದನ್ನು ಮೂತಿಯಿಂದ ತಳ್ಳಿ ತಳ್ಳಿ ಮೇಲೆ ತಂದ. ಆಮೇಲೆ ಬಹಳ ಹೊತ್ತು ಅದರ ಕಾಲಿನ ಕೆಸರನ್ನು ನೆಕ್ಕುತ್ತಾ ಕೂತಿದ್ದ. ನಾನು ಯಜಮಾನನಾಗಿದ್ದೂ ನನ್ನ ಮೊಮ್ಮಗುವಿಗೆ ಒಂದು ಗುಟುಕು ನೀರು ಸುಖವಾಗಿ ಸಿಗಲಿಲ್ಲವಲ್ಲ ಎಂದು ಅವನ ಕಣ್ಣು ತುಂಬಿತು.

ಮರುದಿನವೇ ಸಭೆ ಕರೆದ. ಹೊಂಡದ ಒಂದು ಬದಿಯಲ್ಲಿ ಗಟ್ಟಿ ಬಂಡೆ ಇತ್ತು. ಅದರ ಬುಡದಲ್ಲಿ ಕಾಡುಹಂದಿಗಳು ಆಳವಾಗಿ ತೋಡಬೇಕು. ಉಳಿದ ನೀರೆಲ್ಲ ಅಲ್ಲಿಗೆ ಹರಿದು ಬಂದು ನಿಲ್ಲುತ್ತದೆ. ತುಂಬೆಯಂಥ ಎಳೆಯವರು, ಕಾಲಲ್ಲಿ ಬಲವಿಲ್ಲದವರು, ಮುದುಕರು ಬಂಡೆಯ ಮೇಲೆ ನಿಂತೇ ಕುಡಿಯಬಹುದು. ಇದು ಕೊಂಬಣ್ಣ ಯೋಚಿಸಿದ ದಾರಿ. ಯಾರು ತಾನೇ ಬೇಡ ಅಂದಾರು? ಜೇನಪ್ಪನಂತೂ, ಆದರೆ ಇಂಥ ಬುದ್ಧಿ ನಮಗೆ ಯಾರಿಗೂ ಯಾಕೆ ಹೊಳೆಯಲಿಲ್ಲ ಎಂದು ಕೇಳಿ ಎಲ್ಲರನ್ನೂ ನಗಿಸಿದ.

ಜೊಂಡಿನ ಮರೆಯಲ್ಲಿ ಕೂತಿದ್ದ ಆಮೆ ಚಿಪ್ಪಜ್ಜ ಮಾತ್ರ ನಗಲಿಲ್ಲ. ಕತ್ತು ಹೊರಗೆ ಹಾಕಿ ಏನೋ ಹೇಳಲು ಬಾಯಿ ತೆರೆದ. ಸುತ್ತ ನೋಡಿದ. ಎಲ್ಲ ತಲೆಗಳೂ ಹೂಂ ಹೂಂ ಎಂದು ಆಡುತ್ತಿದ್ದವು. ಚಿಪ್ಪಜ್ಜ ಕತ್ತು ಒಳಗೆ ಎಳೆದುಕೊಂಡ.

ಹಂದಿಗಳು ತೋಡಿದವು. ನೀರು ಹರಿದು ಬಂದು ಬಂಡೆಯ ಬುಡದಲ್ಲಿ ತುಂಬಿತು. ತುಂಬೆ ಬಂಡೆಯ ಮೇಲೆ ನಿಂತು ಹೊಟ್ಟೆ ತುಂಬ ಕುಡಿಯಿತು, ಅಜ್ಜನ ಮುಖಕ್ಕೂ ನೀರು ಚಿಮ್ಮಿಸಿತು. ಅವತ್ತು ಕೊಂಬಣ್ಣನಷ್ಟು ಸುಖಿ ಕಾಡಿನಲ್ಲಿ ಇನ್ನೊಬ್ಬನಿರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಹೊಂಡದಲ್ಲಿ ನೀರಿಲ್ಲ. ಒಂದು ಹನಿಯೂ ಇಲ್ಲ. ಹೊಂಡದ ತಳದಲ್ಲಿ ಜೇಡಿಮಣ್ಣು ಮೆತ್ತಿಕೊಂಡಿತ್ತು, ಆ ಮಣ್ಣೇ ಇಷ್ಟು ವರ್ಷ ನೀರನ್ನು ಹಿಡಿದಿಟ್ಟಿತ್ತು. ಬಂಡೆಯ ಬುಡದಲ್ಲಿ ಅದು ತೆಳ್ಳಗಿತ್ತು, ಅದರ ಕೆಳಗೆ ಬರೀ ಮರಳು. ಹಂದಿಗಳು ಮಣ್ಣು ಕಿತ್ತವು, ಮರಳು ನೀರನ್ನು ನುಂಗಿತು.

ಸಭೆ ಕೂಡಿತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಜೇನಪ್ಪ ಎಲ್ಲಿ ಎಂದು ಕೇಳಬೇಡಿ. ರೆಕ್ಕೆ ಇದ್ದವನಿಗೆ ಒಂದು ಹೊಂಡ ಬತ್ತಿದರೆ ಇನ್ನೊಂದು ಹೊಂಡ, ಒಬ್ಬ ಯಜಮಾನ ಹೋದರೆ ಇನ್ನೊಬ್ಬ. ಕೊಂಬಣ್ಣನಿಗೆ ಒಂದೇ ದಾರಿ ಕಾಣುತ್ತಿತ್ತು. ಕಾಡಿನ ಅಂಚಿನ ಬಂಡೆಬಯಲು ದಾಟಿ ಎಲ್ಲರನ್ನೂ ದೂರದ ನದಿಗೆ ಕರೆದುಕೊಂಡು ಹೋಗುವುದು. ಹೇಳಲು ಬಾಯಿ ತೆರೆದ. ರೂಢಿಯಂತೆ ಕಣ್ಣು ಎದುರುಗಲ್ಲಿನ ಕಡೆಗೆ ಹೋಯಿತು. ಕಲ್ಲು ಖಾಲಿ. ಈಗ ಅವನು ಏನು ಹೇಳಿದರೂ ಎಲ್ಲರೂ ಎದ್ದು ಹಿಂದೆ ಬಂದುಬಿಡುತ್ತಾರೆ. ಅದು ನೆನಪಾಗಿ ಅವನಿಗೆ ಮೊದಲ ಸಲ ಭಯವಾಯಿತು. ನಿನ್ನೆಯ ಮಾತೂ ಇಷ್ಟೇ ಒಳ್ಳೆಯ ಮನಸ್ಸಿನಿಂದ ಬಂದಿತ್ತಲ್ಲವೇ? ಪಕ್ಕದಲ್ಲಿ ತುಂಬೆ ಒಣಗಿದ ನಾಲಿಗೆಯಿಂದ ಅವನ ಮೊಣಕಾಲು ನೆಕ್ಕುತ್ತಿತ್ತು.

ಕೊಂಬಣ್ಣ ಎಲ್ಲರಿಗೂ ಕಾಯಲು ಹೇಳಿ, ಬಿಸಿಲಿಗೆ ಬತ್ತಿ ಬರೀ ಮರಳಾಗಿದ್ದ ಹಳ್ಳ ದಾಟಿ ಗೆಣಸಿನ ಗುಡ್ಡಕ್ಕೆ ಓಡಿದ.

ಮುಳ್ಳಕ್ಕ ಬಿಲದ ಬಾಯಲ್ಲಿ ಕೂತಿದ್ದಳು. ಮರ್ಯಾದೆಗೆಂದು ಅವನು ಕಳಿಸಿದ್ದ ಗೆಣಸಿನ ರಾಶಿ ಮುಟ್ಟದೆ ಹಾಗೇ ಬಿದ್ದಿತ್ತು. ಕೊಂಬಣ್ಣ ನಡೆದದ್ದನ್ನೆಲ್ಲ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ.

"ನಿನ್ನನ್ನು ಹಗೆ ಅಂದುಕೊಂಡಿದ್ದೆ ಮುಳ್ಳಕ್ಕ," ಎಂದ ಕೊನೆಗೆ.

"ಹಗೆಯಾಗಿದ್ದರೆ ನಿನ್ನ ಮಾತಿಗೆಲ್ಲ ಹೂಂ ಅಂದು ಸುಮ್ಮನೆ ಕೂತಿರುತ್ತಿದ್ದೆ," ಎಂದಳು ಮುಳ್ಳಕ್ಕ. ಅವಳಿಗೂ ನೋವಾಗಿತ್ತು, ಎಷ್ಟಾದರೂ ಬಾಲ್ಯದ ಗೆಳೆಯ. "ಮಗು ಹೇಗಿದೆ?"

"ಬಾಯಾರಿದೆ."

ಮುಳ್ಳಕ್ಕ ಎದ್ದಳು. ದಾರಿಯುದ್ದಕ್ಕೂ ಕೊಂಬಣ್ಣ ಅವಳ ಗಿಡ್ಡ ಕಾಲುಗಳಿಗೆ ಸರಿಯಾಗಿ ನಿಂತು ನಿಂತು ನಡೆದ.

ಅವಳು ಎದುರುಗಲ್ಲು ಹತ್ತಿ ಕೂತಾಗ ಸಭೆಯಲ್ಲಿ ಒಂದು ನಿಟ್ಟುಸಿರು ಕೇಳಿಸಿತು. ಕೊಂಬಣ್ಣ ನದಿಗೆ ಹೋಗುವ ಮಾತು ಹೇಳಿದ.

"ಆದರೆ ಕೊಂಬಣ್ಣ," ಎಂದಳು ಮುಳ್ಳಕ್ಕ, "ಈ ಬಿಸಿಲಲ್ಲಿ ಬಂಡೆಬಯಲು ಕಾದ ಹೆಂಚು. ತುಂಬೆ ಹೇಗೆ ದಾಟುತ್ತದೆ?"

"ಬೆನ್ನ ಮೇಲೆ ಹೊರುತ್ತೇನೆ."

"ಮೊಲದ ಮರಿಗಳನ್ನು? ಕಣ್ಣು ಕಾಣದ ಮುದುಕ ಹಂದಿಯನ್ನು?"

ಕೊಂಬಣ್ಣನ ಮುಖ ಹಳೆಯ ಚಾಳಿಯಂತೆ ಸಣ್ಣದಾಗಲು ಹೊರಟಿತು. ಅಷ್ಟರಲ್ಲಿ ಅವನು ಸಾವರಿಸಿಕೊಂಡ. "ನನಗೆ ಗೊತ್ತಿಲ್ಲ," ಎಂದ. ಯಜಮಾನನ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ.

ಮುಳ್ಳಕ್ಕನಿಗೂ ಗೊತ್ತಿರಲಿಲ್ಲ. ಅವಳು ಅದನ್ನು ಒಪ್ಪಿಕೊಂಡಳು. ಆಮೇಲೆ ಹಿಂದಿನ ಸಾಲಿನವರ ಕಡೆಗೆ, ಯಾವತ್ತೂ ಬಾಯಿ ಬಿಡದವರ ಕಡೆಗೆ ತಿರುಗಿ, ಯಾರಿಗಾದರೂ ಬೇರೆ ಏನಾದರೂ ತೋಚುತ್ತದೆಯೇ ಎಂದು ಕೇಳಿದಳು. ಯಜಮಾನನಿಗೂ ಗೊತ್ತಿಲ್ಲ, ಎದುರುಗಲ್ಲಿಗೂ ಗೊತ್ತಿಲ್ಲ ಎಂದ ಮೇಲೆ ಚಿಪ್ಪಜ್ಜನಿಗೆ ಧೈರ್ಯ ಬಂತು. ಕತ್ತು ನಿಧಾನವಾಗಿ ಹೊರಗೆ ಬಂತು.

"ನೀರು ಎಲ್ಲಿಗೂ ಹೋಗಿಲ್ಲ," ಎಂದ ಅವನು. "ಮರಳಿನ ಒಳಗೇ ಇಳಿದು ಹಳ್ಳದ ಕಡೆಗೆ ಹೋಗಿದೆ. ಹಳ್ಳದ ಮರಳಲ್ಲಿ ಒರತೆ ತೋಡಿದರೆ ಸಿಗುತ್ತದೆ."

ಎಲ್ಲರೂ ಅವನತ್ತ ತಿರುಗಿದರು. ಇಷ್ಟು ಗೊತ್ತಿದ್ದವನು ಬಂಡೆಯ ಬುಡ ತೋಡುವಾಗ ಯಾಕೆ ಹೇಳಲಿಲ್ಲ ಎಂದು ಹಂದಿಗಳು ಗುರುಗುಟ್ಟಿದವು.

"ಎದುರುಗಲ್ಲೇ ಹೂಂ ಅಂದ ಮೇಲೆ ಈ ಮುದುಕನ ಮಾತು ಯಾರಿಗೆ ಬೇಕು ಅಂದುಕೊಂಡೆ," ಎಂದ ಚಿಪ್ಪಜ್ಜ. ಅವನ ಕಣ್ಣು ಒದ್ದೆಯಾಗಿತ್ತು. ಅವನನ್ನು ಬಯ್ಯಬೇಡಿ, ತಪ್ಪು ನನ್ನದು ಎಂದು ಕೊಂಬಣ್ಣ ಎಲ್ಲರ ಮುಂದೆ ಹೇಳಿದ.

ಹಳ್ಳ ಹತ್ತಿರದಲ್ಲೇ ಇತ್ತು. ಚಿಪ್ಪಜ್ಜ ಮೂಗಿನಿಂದ ಜಾಗ ತೋರಿಸಿದ. ಹಂದಿಗಳು ತೋಡಿದವು, ಮುಳ್ಳಕ್ಕನೂ ಉಗುರು ಊರಿ ತೋಡಿದಳು. ಮೊದಲು ಒಣ ಮರಳು, ಆಮೇಲೆ ತಂಪು ಮರಳು, ಆಮೇಲೆ ಬದಿಗಳಿಂದ ನೀರು ಸಣ್ಣಗೆ ಜಿನುಗಿತು. ಕಲಕಿದ್ದು ತಿಳಿಯಾಗುವ ತನಕ ಎಲ್ಲರೂ ಕಾದರು. ತುಂಬೆಯನ್ನೇ ಮೊದಲು ಬಿಟ್ಟರು. ಅದು ಮೊಣಕಾಲೂರಿ, ಮೂತಿಯನ್ನು ಒರತೆಯೊಳಗೆ ಇಳಿಸಿ ಕುಡಿಯಿತು. ಕುಡಿಯುವ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಕೊಂಬಣ್ಣ ಆ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಸರದಿಯ ಕೊನೆಯಲ್ಲಿ ಅವನೂ ಮುಳ್ಳಕ್ಕನೂ ಕೂತಿದ್ದರು. ತುಂಬೆ ಅವರಿಬ್ಬರ ನಡುವೆ, ಮುಳ್ಳು ಚುಚ್ಚದಷ್ಟು ದೂರ ನೋಡಿಕೊಂಡು ಮಲಗಿತ್ತು.

"ಇನ್ನು ಮೇಲೆ ನೀನೇ ಯಜಮಾನಿಯಾಗು ಮುಳ್ಳಕ್ಕ. ನನ್ನ ಕಲ್ಲು ನಿನಗೇ ಬಿಟ್ಟೆ," ಎಂದ ಕೊಂಬಣ್ಣ. ಮನಸಾರೆ ಹೇಳಿದ ಮಾತು ಅದು.

"ಆದರೆ," ಎಂದಳು ಮುಳ್ಳಕ್ಕ, "ಆರಿಸಬೇಕಾದವರು ಇವರೆಲ್ಲ, ನೀನಲ್ಲ. ಮೊದಲ ಮಳೆ ಬರಲಿ, ನಿನ್ನೆದುರು ನಾನೇ ನಿಲ್ಲುತ್ತೇನೆ. ಗೆದ್ದರೆ ನಿನ್ನ ಕಲ್ಲು ನನಗೆ, ಎದುರುಗಲ್ಲು ನಿನಗೆ. ಆವಾಗ ನಾನು ಎಷ್ಟೇ ಮುಳ್ಳು ನಿಮಿರಿಸಿದರೂ ನೀನು ಕೇಳುವುದನ್ನು ನಿಲ್ಲಿಸಬಾರದು."

ಕೊಂಬಣ್ಣ ನಕ್ಕುಬಿಟ್ಟ. ಮಲಗಿದ್ದ ತುಂಬೆ ಬೆಚ್ಚಿ ಎದ್ದು ಅಜ್ಜನ ಮುಖ ನೋಡಿತು. ಬೇಡ ಎನ್ನಿಸಿಕೊಂಡೂ ಅಜ್ಜ ನಗುವುದನ್ನು ಅದು ಅದುವರೆಗೆ ಕಂಡಿರಲಿಲ್ಲ.

ನೀತಿ: ಆಳುವವರ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಎದುರು ನಿಂತು "ಯಾಕೆ" ಎಂದು ಕೇಳುವವರಿಗೆ ಜಾಗವಿರಬೇಕು, ಆ ಜಾಗ ಇದ್ದಾಗಲೇ ಬಾಯಿಲ್ಲದವರಿಗೂ ಬಾಯಿ ಬರುತ್ತದೆ.