ಹದ್ದಕ್ಕ, ಪುಟ್ಟ ಶಾರ್ಕ್ ಮತ್ತು ತೀರ್ಪುಗಾರ ಕಾಗೆ

ಸಮುದ್ರಕ್ಕೆ ಅಂಟಿಕೊಂಡ ಉಪ್ಪುನೀರಿನಲ್ಲೇ ಬೇರೂರುವ ಕಾಂಡ್ಲಾ ಮರಗಳ ಒಂದು ಕಾಡಿನಲ್ಲಿ ಹದ್ದಕ್ಕ ಗೂಡು ಕಟ್ಟಿದ್ದಳು. ಗೂಡಿನಲ್ಲಿ ಒಂದೇ ಮರಿ. ಅದಕ್ಕೆ ಸದಾ ಹಸಿವು. ಕೆಳಗೆ, ಬೇರುಗಳ ನಡುವಿನ ಉಪ್ಪುನೀರಿನಲ್ಲಿ ಮೊಳದುದ್ದದ ಪಟ್ಟೆ ಶಾರ್ಕ್ ಇತ್ತು. ಶಾರ್ಕ್ ಎಂದ ಕೂಡಲೇ ಹೆದರಬೇಡಿ. ಪಾಪ, ಅದು ಏಡಿ, ಸಣ್ಣ ಮೀನು ತಿಂದುಕೊಂಡು ತನ್ನ ಪಾಡಿಗೆ ತಾನಿತ್ತು.

ಅಲ್ಲೇ ಒಂದು ಕಾಗೆ. ಬೇಟೆಗೆ ಸೋಮಾರಿ, ಬಾಯಿಗೆ ಬಿಡುವಿಲ್ಲ. ಅದು ಹದ್ದಕ್ಕನ ಬಳಿ ಹೋಗಿ, "ನಿನಗಿಂತ ತಾನೇ ದೊಡ್ಡ ಬೇಟೆಗಾರ ಅಂತ ಶಾರ್ಕ್ ಹೇಳಿಕೊಂಡು ತಿರುಗುತ್ತಿದೆ" ಎಂದಿತು. ಶಾರ್ಕ್ ಬಳಿ ಬಂದು, "ನೀನು ಹೆಸರಿಗೆ ಮಾತ್ರ ಶಾರ್ಕ್ ಅಂತೆ. ಹದ್ದಕ್ಕ ನಗುತ್ತಿದ್ದಳು" ಎಂದಿತು. ಇಬ್ಬರಿಗೂ ಮೈಯೆಲ್ಲ ಉರಿಯಿತು.

"ಹಾಗಾದರೆ ಪಂದ್ಯವಾಗಲಿ," ಎಂದಿತು ಕಾಗೆ. "ಹಿಡಿದ ಮೀನನ್ನೆಲ್ಲ ನೀರಂಚಿನ ಆ ಬಂಡೆಯ ಮೇಲೆ ಹಾಕಿ. ಇಳಿತ ಬಂದು ನೀರು ಪೂರ್ತಿ ಇಳಿಯುವ ತನಕ ಯಾರೂ ಮುಟ್ಟಬಾರದು. ತೀರ್ಪು ನನ್ನದು."

ಹದ್ದಕ್ಕ ಮೀನು ತಂದು ತಂದು ಬಂಡೆಗೆ ಹಾಕಿದಳು. ಮರಿ ಹಸಿವಿನಿಂದ ಕಿರುಚುತ್ತಿದ್ದರೂ ಒಂದನ್ನೂ ಕೊಡಲಿಲ್ಲ. ಶಾರ್ಕ್ ಕೂಡ ಮೀನು ಹಿಡಿದು ಬಂಡೆಗೆ ಚಿಮ್ಮಿಸುತ್ತಾ, ಗೆಲ್ಲುವ ಹಟದಲ್ಲಿ ನೀರು ಇಳಿದದ್ದನ್ನೇ ಗಮನಿಸದೆ ಸಣ್ಣ ಹೊಂಡದಲ್ಲಿ ಸಿಕ್ಕಿಕೊಂಡಿತು. ಇಬ್ಬರೂ ಬೇಟೆಯಲ್ಲಿ ಮುಳುಗಿದ್ದಾಗ ಕಾಗೆ ಅಷ್ಟೂ ಮೀನನ್ನು ನುಂಗುತ್ತಾ ಕೂತಿತ್ತು.

ಕಳ್ಳತನ ಬಯಲಾಗುವ ಹೊತ್ತಾಯಿತು. ಕಾಗೆ ಹದ್ದಕ್ಕನನ್ನು ಕರೆದು, "ಶಾರ್ಕ್ ಹೊಂಡದಲ್ಲಿ ಬಿದ್ದಿದೆ. ಎತ್ತಿಕೊಂಡು ಹೋಗಿ ಮರಿಗೆ ಕೊಡು" ಎಂದಿತು.

ಹದ್ದಕ್ಕ ಉಗುರು ಚಾಚಿ ಇಳಿದಳು. ಶಾರ್ಕ್ ಅಲುಗಾಡಲಿಲ್ಲ.

"ಅಕ್ಕಾ, ನನಗೆ ಓಡಲು ನೀರಿಲ್ಲ. ಆದರೆ ಮೊದಲು ಬಂಡೆಯ ಮೇಲಿನ ನನ್ನ ಮೀನನ್ನು ಮರಿಗೆ ಕೊಡು. ಬೆಳಗಿನಿಂದ ಅದರ ಅಳು ಕೇಳಿ ನನಗೂ ಸಂಕಟವಾಗಿದೆ."

ಹದ್ದಕ್ಕ ಚಾಚಿದ ಉಗುರನ್ನು ಹಿಂದಕ್ಕೆಳೆದುಕೊಂಡಳು. ತನ್ನ ಮರಿಯ ಅಳನ್ನು ತಾನೇ ಕಿವಿಗೆ ಹಾಕಿಕೊಂಡಿರಲಿಲ್ಲವಲ್ಲ. ಅವಳು ಬಂಡೆಗೆ ಹಾರಿದಳು. ಅಲ್ಲಿ ಬರೀ ಮುಳ್ಳುಗಳಿದ್ದವು.

ಅವಳನ್ನು ಕಂಡು ಕಾಗೆ ಹಾರಲು ನೋಡಿತು. ಹೊಟ್ಟೆ ಬಿಡಲಿಲ್ಲ. ತೊಪ್ಪನೆ ಕೆಸರಿಗೆ ಬಿತ್ತು. ಏಡಿಗಳು ಅದರ ಬಾಲದ ಗರಿಗಳನ್ನು ಒಂದೊಂದಾಗಿ ಕಿತ್ತವು. ಅದು ಹೇಗೋ ತೆವಳಿಕೊಂಡು ದಡ ಸೇರಿತು.

ಹದ್ದಕ್ಕ ಶಾರ್ಕನ್ನು ಮೆಲ್ಲಗೆ ಎತ್ತಿ ಆಳದ ನೀರಿಗೆ ಬಿಟ್ಟಳು. ಶಾರ್ಕ್ ಹೊರಟುಹೋಗಲಿಲ್ಲ. ಕೆಸರುನೀರಿನಲ್ಲಿ ಮೂಸಿ ಮೂಸಿ ಮೀನಿನ ಹಿಂಡನ್ನು ಮೇಲಕ್ಕೆ ಅಟ್ಟಿತು. ಹದ್ದಕ್ಕ ಮೇಲಿನಿಂದ ಎರಗಿ ಹಿಡಿದಳು. ಸಂಜೆಯೊಳಗೆ ಮರಿ ಹೊಟ್ಟೆ ತುಂಬಿ ನಿದ್ದೆಹೋಯಿತು. ಇಬ್ಬರಲ್ಲಿ ಯಾರು ದೊಡ್ಡವರು ಎಂದು ಆಮೇಲೆ ಯಾರೂ ಕೇಳಲಿಲ್ಲ.

ನೀತಿ: ಅವರವರ ಶಕ್ತಿ ಅವರವರಿಗೆ. ಹೋಲಿಸಿ ಜಗಳ ಹಚ್ಚುವವರ ಮಾತು ಕೇಳಿದರೆ ನಮ್ಮ ಮನೆಯವರೇ ಹಸಿಯುತ್ತಾರೆ.