ಬದಿಯಲ್ಲಿ ಬರೆದ ಹೆಸರು

ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಎಣ್ಣೆ ಸೀಗೇಕಾಯಿ ಸಂಬಂಧವಿದ್ದ ಕಾಲ. ನದಿಯ ದಂಡೆಯ ಒಂದು ಕೋಣೆಯಲ್ಲಿ ಆ ಪಾರ್ಲಿಮೆಂಟ್ ಸಭೆಯ ಕಡತ ಬರೆಯುವ ಮುದುಕ ಆಂಬ್ರೋಸ್ ಇದ್ದ. ಅವನ ಶಿಷ್ಯ ಮೈಲ್ಸ್.

ಗುರು ಮೊದಲ ದಿನವೇ ಹೇಳಿದ್ದ: "ಸಭೆಯಲ್ಲಿ ಆಡಿದ ಮಾತು ಬರಿ. ಆಡಿದವರು ಯಾರೆಂದು ಬರೆಯಬೇಡ."

ಮೈಲ್ಸ್ ಜಾಣ. ಜಾಣರ ಕಾಯಿಲೆ ಅವನಿಗೂ ಇತ್ತು. ಗೊತ್ತಿದ್ದದ್ದನ್ನು ಬರೆಯದೆ ಬಿಡಲಾರ.

ಒಂದು ಬೆಳಿಗ್ಗೆ ಅವನು ಏದುಸಿರು ಬಿಡುತ್ತಾ ಓಡಿ ಬಂದ.

"ಗುರುಗಳೇ, ರಾಜನ ಕಾರ್ಯದರ್ಶಿ ಕಡತ ನೋಡಲು ಬರುತ್ತಿದ್ದಾನೆ. ಮಧ್ಯಾಹ್ನಕ್ಕೆ ಅರಮನೆಯ ದೋಣಿ ಇಲ್ಲಿರುತ್ತದಂತೆ. 'ರಾಜನೂ ಕಾನೂನಿಗೆ ತಲೆಬಾಗಬೇಕು' ಎಂದವನು ಯಾರೆಂದು ತಿಳಿಯಬೇಕಂತೆ. ತಿಳಿದರೆ ಅವನ ತಲೆ ಉಳಿಯುವುದಿಲ್ಲ."

"ಕಡತದಲ್ಲಿ ಇರುವುದು ಬರೀ ಮಾತು. ನೋಡಿಕೊಂಡು ಹೋಗಲಿ."

ಮೈಲ್ಸ್ ತಲೆ ತಗ್ಗಿಸಿ ಕಡತವನ್ನು ಮುಂದಿಟ್ಟ.

ಗುರು ಪುಟ ತೆರೆದ. ಆ ಮಾತಿನ ಎದುರು, ಬದಿಯ ಖಾಲಿ ಜಾಗದಲ್ಲಿ, ಶಿಷ್ಯನ ದುಂಡನೆಯ ಅಕ್ಷರದಲ್ಲಿ ಒಂದು ಹೆಸರಿತ್ತು. ಥಾರ್ನಿ.

"ಮುಂದೆ ಓದುವವರಿಗೆ ಗೊತ್ತಾಗಲಿ ಅಂತ..."

"ಅವರು ಮುಂದೆ ಬರುತ್ತಾರೆ. ಇವನು ಈಗಲೇ ಬರುತ್ತಿದ್ದಾನೆ."

"ಚಾಕುವಿನಿಂದ ಹೆರೆದುಬಿಡಲೇ?"

"ಹೆರೆದ ಜಾಗವೇ ಮೊದಲು ಕಣ್ಣಿಗೆ ಬೀಳುತ್ತದೆ."

"ಹಾಳೆಯನ್ನೇ ಹರಿಯಲೇ?"

"ಹಾಳೆ ಹರಿದರೆ ನಿನ್ನನ್ನು ಹಿಡಿದು ಕೇಳುತ್ತಾರೆ. ಎಷ್ಟು ಹೊತ್ತು ಸುಮ್ಮನಿರಬಲ್ಲೆ?"

ಮೈಲ್ಸ್‌ಗೆ ಅಳು ಬಂತು. ಆ ಮಾತು ಆಡಿದ ಸದಸ್ಯ ಥಾರ್ನಿಗೆ ಹೆಂಡತಿ ಮಕ್ಕಳಿದ್ದರು.

ಗುರು ಕೇಳಿದ: "ಅವನು ಮಾತು ಮುಗಿಸಿದಾಗ ಸಭೆ ಏನೆಂದಿತು?"

"'ಹೌದು' ಎಂದು ಕೂಗಿತು."

"ಅಲ್ಲ ಎಂದವರು?"

"ಒಬ್ಬರೂ ಇಲ್ಲ."

"ಹಾಗಾದರೆ ನೀನು ಬರೆದದ್ದು ಅರೆಬರೆ. ಅವತ್ತು ಹಾಜರಿದ್ದವರ ಪಟ್ಟಿ ತಾ. ಎಲ್ಲರ ಹೆಸರೂ ಬರಿ. ಬದಿಯ ಜಾಗ ನಾಲ್ಕೂ ಕಡೆ ಇದೆ."

ಮೈಲ್ಸ್ ಬೆಚ್ಚಿದ. "ಒಬ್ಬನ ಆಪತ್ತನ್ನು ಎಲ್ಲರ ತಲೆಗೆ ಕಟ್ಟುವುದೇ?"

"'ಹೌದು' ಎಂದು ಕೂಗಿದಾಗ ತಲೆ ಅವರವರ ಹತ್ತಿರವೇ ಇತ್ತಲ್ಲ."

ಮೈಲ್ಸ್ ಬರೆಯಲು ಕೂತ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಕಿಟಕಿಯಿಂದ ದೋಣಿಯ ಹುಟ್ಟಿನ ಸದ್ದು ಕೇಳಿಸತೊಡಗಿತು. ಕೊನೆಯ ಹೆಸರು ಮುಗಿದಾಗ ದೋಣಿ ದಡ ಮುಟ್ಟಿತ್ತು.

"ಗುರುಗಳೇ, ನಾನೂ ಅವತ್ತು ಮನಸ್ಸಿನಲ್ಲಿ ಹೌದು ಅಂದಿದ್ದೆ. ನನ್ನ ಹೆಸರು?"

"ಮನಸ್ಸಿನಲ್ಲಿ ಅಂದದ್ದನ್ನು ಕಡತದಲ್ಲಿ ಬರೆಯುವುದಿಲ್ಲ."

ಕಾರ್ಯದರ್ಶಿ ಒಳಗೆ ಬಂದ. ಅವನ ಹಿಂದೆ ಇಬ್ಬರು ಸಿಪಾಯಿಗಳಿದ್ದರು. ಅವನು ಪುಟದ ಸುತ್ತ ಬೆರಳಾಡಿಸಿದ. ಇನ್ನೊಂದು ಸುತ್ತು ಆಡಿಸಿದ. ಆಮೇಲೆ ಮೈಲ್ಸ್‌ನ ಕಡೆ ತಿರುಗಿದ.

"ಬರೆದವನು ನೀನು ತಾನೇ? ಹೇಳು, ಯಾರ ಮಾತು ಇದು?"

ಮೈಲ್ಸ್ ಗುರುವಿನ ಮುಖ ನೋಡಿದ. ಗುರು ನದಿಯನ್ನು ನೋಡುತ್ತಿದ್ದ.

"ಸಭೆಯ ಮಾತು, ಸ್ವಾಮಿ," ಎಂದ ಮೈಲ್ಸ್. "ಎಲ್ಲರೂ ಹೌದು ಎಂದರು."

ಕಾರ್ಯದರ್ಶಿ ಕಡತವನ್ನು ಮೇಜಿನ ಮೇಲೆ ಕುಕ್ಕಿದ. "ಇಷ್ಟೂ ಜನರನ್ನು ಯಾವ ಸೆರೆಮನೆಗೆ ತುಂಬಲಿ? ನನಗೆ ಬೇಕಾದದ್ದು ಒಂದೇ ಹೆಸರು!"

ಆಂಬ್ರೋಸ್ ಲೇಖನಿ ಒರೆಸಿ ಇಟ್ಟ.

"ಬೆಳಿಗ್ಗೆ ಒಂದೇ ಇತ್ತು, ಸ್ವಾಮಿ. ತಪ್ಪಾಗಿತ್ತು, ತಿದ್ದಿದೆವು."