ತಾಯಿ ಸೋತ ಬಂಡೆ

ಹುಲಿಗೊಂದಿಯಿಂದ ಹೊಳೆಗೆ ಇಳಿಯುವ ದಾರಿಯಲ್ಲಿ, ನೀರಿಗೆ ಚಾಚಿಕೊಂಡ ಹಾಸುಬಂಡೆಯೊಂದಿದೆ. ಗುಡಿಯಿಲ್ಲ, ಶಾಸನವಿಲ್ಲ, ನೋಡಲು ವಿಶೇಷವೇನೂ ಇಲ್ಲ. ಇದನ್ನು ತಾಯಿ ಸೋತ ಬಂಡೆ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆ ಇರುಗನೆಂಬ ತರುಣ ಒಡೆಯನದಾಗಿತ್ತು. ತಂದೆಯಿಂದ ಬಂದ ಆಸ್ತಿ; ತಾಯಿ ಚಾಗಲದೇವಿ ನಾಡಿನ ಅರಸನ ತಂಗಿ. ತಂದೆಯ ತಮ್ಮ ಮಾಚರಸನಿಗೆ ಅಣ್ಣನ ಸೀಮೆ ತನ್ನ ಕೈತಪ್ಪಿತೆಂಬ ಹೊಟ್ಟೆಯುರಿ. ಅರಸನ ಸೋದರಳಿಯ ಎಂಬುದನ್ನೂ ನೋಡದೆ ಹುಡುಗನನ್ನು ಬೇಟೆಗೆ ಕರೆದೊಯ್ದು ಕೊಂದ; ಹಂದಿ ತಿವಿಯಿತೆಂದು ಹೆಣ ತಂದ. ಮಗನನ್ನು ಮೀಯಿಸುವಾಗ ಬೆನ್ನಿನಲ್ಲಿ ಬಾಣ ನಟ್ಟ ಗಾಯ ಕಂಡವಳು ತಾಯಿಯೊಬ್ಬಳೇ. ಕ್ರಿಯೆಗೆ ಅರಸ ಬಂದೇ ಬರುತ್ತಾನೆ, ಮುಗಿದೊಡನೆ ಎಲ್ಲವನ್ನೂ ಹೇಳುತ್ತೇನೆ ಎಂದು ಅವಳು ಹಲ್ಲುಕಚ್ಚಿ ಕಾದಳು.

ಆಸ್ತಿಗೆ ಬರುವವನೇ ಸತ್ತವನಿಗೆ ಪಿಂಡವಿಡಬೇಕು, ಅದನ್ನು ಕಾಗೆ ಮುಟ್ಟಬೇಕು ಎಂಬುದು ಆಗಿನ ಕಟ್ಟಳೆ. ಹೊತ್ತು ಮುಳುಗುವುದರೊಳಗೆ ಮುಟ್ಟದಿದ್ದರೆ ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದರ್ಥ; ಪಿಂಡವಿಟ್ಟವನಿಗೆ ಆಸ್ತಿಯೂ ಇಲ್ಲ. ಅರಸನ ಎದುರಿಗೇ ಮಾಚರಸ ಈ ಬಂಡೆಯ ಮೇಲೆ ಪಿಂಡವಿಟ್ಟ. ಕಾಗೆಗಳು ಮರದಲ್ಲಿ ಕುಳಿತವು, ಇಳಿಯಲಿಲ್ಲ. ಇರುಗನ ಹೆಸರಿನಲ್ಲಿ ಕೆರೆ ಕಟ್ಟಿಸುತ್ತೇನೆಂದ, ದೇಗುಲ ಎತ್ತಿಸುತ್ತೇನೆಂದ. ಅಷ್ಟು ದೊಡ್ಡ ಮನುಷ್ಯ ಕಾಗೆಗಳಿಗೆ ಕೈಮುಗಿದು ಗೋಗರೆಯುವುದನ್ನು ಜನ ನೋಡಿದರು. ಹೊತ್ತು ಇಳಿಯಿತು. ಇನ್ನೊಂದಿಷ್ಟು ಸುಮ್ಮನಿದ್ದಿದ್ದರೆ ಸಾಕಿತ್ತು, ಚಾಗಲದೇವಿ ಗೆಲ್ಲುತ್ತಿದ್ದಳು. ಆದರೆ ಮಗ ಹಸಿದಿದ್ದಾನೆ ಎಂಬುದನ್ನು ಅವಳಿಗೆ ತಾಳಲಾಗಲಿಲ್ಲ. ಹೆಂಗಸರು ಅಲ್ಲಿಗೆ ಬರುವ ರೂಢಿಯಿಲ್ಲದಿದ್ದರೂ ಬಂಡೆಯ ಮೇಲೆ ಬಂದು ನಿಂತಳು.

"ನಾನು ಹಗೆ ಹಿಡಿದಿದ್ದೀನಿ ಅಂತ ನೀನು ನಿಂತೆಯಾ, ಕಂದಾ? ಬಿಟ್ಟೆ. ಯಾರ ಹೆಸರನ್ನೂ ಹೇಳೋದಿಲ್ಲ. ಉಂಡು ಹೋಗಪ್ಪ."

ಒಂದು ಕಾಗೆ ಇಳಿಯಿತು. ಇರುಗನಿಗೆ ಬೇಕಾದದ್ದು ಅದೇ ಆಗಿತ್ತೋ, ಕಾಗೆಗೇ ಹಸಿವಾಗಿತ್ತೋ, ನಾನು ಹೇಳಲಾರೆ. ಅರಸ ತಂಗಿಯ ಹತ್ತಿರ ಬಂದು, "ಚಾಗಲೆ, ನಿಜ ಹೇಳು. ಹಂದಿಯೇ ತಿವಿಯಿತೆ?" ಎಂದು ಕೇಳಿದ.

"ಮಗನಿಗೆ ಮಾತು ಕೊಟ್ಟಾಯಿತು, ಅಣ್ಣ. ಕೇಳಬೇಡ."

ಎಲ್ಲರಿಗೂ ತಿಳಿಯಿತು, ಅರಸನಿಗೂ ತಿಳಿಯಿತು. ದೂರಿಲ್ಲದೆ ದಂಡಿಸುವಂತಿರಲಿಲ್ಲ. ಮಾಚರಸ ಮುದುಕನಾಗುವವರೆಗೆ ಹುಲಿಗೊಂದಿಯನ್ನು ಆಳಿದ. ಅವನಿಗೆ ಏನೂ ಆಗಲಿಲ್ಲ ಎನ್ನುತ್ತಾರೆ, ನನಗೆ ಇಂದಿಗೂ ಅದೇ ಸಂಕಟ.

ಈಗಲೂ ಸುತ್ತಲಿನ ಊರುಗಳಲ್ಲಿ ಅಣ್ಣತಮ್ಮಂದಿರು ಪಾಲಾಗುವ ಮುನ್ನ ಈ ಬಂಡೆಗೆ ಬಂದು ಹಿರಿಯರಿಗೆ ಎಡೆ ಇಡಿಸುತ್ತಾರೆ. ಎಡೆ ಇಡುವವಳು ಮನೆಯ ತಾಯಿ. ಕಾಗೆ ಮುಟ್ಟುವವರೆಗೆ ಅವಳೊಬ್ಬಳೇ ಬಂಡೆಯ ಮೇಲಿರುತ್ತಾಳೆ. ಪಾಲು ಕೇಳುವ ಗಂಡುಮಕ್ಕಳು ಕೆಳಗೆ, ಕೆಸರಿನಲ್ಲಿ ನಿಂತಿರಬೇಕು.